ಅಜ್ಜನ ದನಿ, ಕಿತ್ತಳೆ ಕೋನು

2006ರಲ್ಲಿ ಸಂತೇಬೆನ್ನೂರಿನ ನಮ್ಮನೆ ಕಂಪ್ಯೂಟರಿಗೆ ವೈರಸ್ ಬಂತು. ದಾವಣಗೆರೆಯಿಂದ ಬಂದ ಹುಡುಗ ಫಾರ್ಮ್ಯಾಟ್ ಮಾಡಿ, ವಿಂಡೋಸ್ ಎಕ್ಸ್‌ಪಿ ಹಾಕಿಕೊಟ್ಟು ಹೋದ. ಸಂಜೆ ಅಮ್ಮ, “ಅಕ್ಕನ ಮದುವೆ ಡಿವಿಡಿ ಹಾಕೋ” ಅಂದಳು. ಮೀಡಿಯಾ ಪ್ಲೇಯರ್ ತೆರೆಯಿತು, ಡಿಕೋಡರ್ ಇಲ್ಲ ಅಂತ ಹೇಳಿ ಸುಮ್ಮನಾಯಿತು.

ಆ ಡಿಸ್ಕಿನಲ್ಲಿ ಪುಷ್ಕರಣಿ ಮೆಟ್ಟಿಲ ಮೇಲೆ ಗಂಡು-ಹೆಣ್ಣನ್ನು ನಿಲ್ಲಿಸಿದ ದೃಶ್ಯ ಮುಗಿದ ಮೇಲೆ ಅಜ್ಜ ಎರಡು ನಿಮಿಷ ಮಾತಾಡಿದ್ದ. ಅಜ್ಜ ತೀರಿಕೊಂಡು ವರ್ಷವಾಗಿತ್ತು. ಅವನ ದನಿ ನಮ್ಮ ಹತ್ತಿರ ಉಳಿದದ್ದು ಅದೊಂದೇ ಕಡೆ. “ಫಾರ್ಮ್ಯಾಟ್ ಮಾಡಿದಾಗ ಅದೂ ಅಳಿಸಿ ಹೋಯ್ತೇನೋ?” ಅಂದಳು ಅಮ್ಮ.

ಅಳಿಸಿರಲಿಲ್ಲ. ಕಂಪ್ಯೂಟರಿಗೆ ಅದನ್ನು ಓದೋಕೆ ಬರ್ತಿರಲಿಲ್ಲ, ಅಷ್ಟೇ. ಡಿವಿಡಿಯ ವಿಡಿಯೊ ಎಂಪೆಗ್-2 ಎಂಬ ವಿಧಾನದಲ್ಲಿ ಹಿಂಡಿ ತುಂಬಿದ್ದು. ಅದನ್ನು ಬಿಡಿಸುವ ತಂತ್ರಾಂಶವೇ ಡಿಕೋಡರ್. ಅದಕ್ಕೆ ಪೇಟೆಂಟ್ ಇತ್ತು, ಒಂದೊಂದು ಪ್ರತಿಗೂ ಶುಲ್ಕ ಕಟ್ಟಬೇಕಿತ್ತು. ಎಕ್ಸ್‌ಪಿಯಲ್ಲಿ ಡಿಕೋಡರ್ ಇರಲಿಲ್ಲ. ಡಿವಿಡಿ ಡ್ರೈವ್ ಜತೆ ಕೊಟ್ಟಿದ್ದ ಸಿಡಿಯಲ್ಲಿ ಇತ್ತು, ಆ ಸಿಡಿ ಎಲ್ಲಿ ಹೋಯ್ತೋ!

ವಾರದ ಮೇಲೆ ಗೆಳೆಯನೊಬ್ಬ ಸಿಡಿಯಲ್ಲಿ ವಿಎಲ್‌ಸಿ ತಂದ. ಹಾಕಿದ್ದೇ ತಡ, ಅಜ್ಜ ಮಾತಾಡಿದ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಆ ಕಿತ್ತಳೆ ಬಣ್ಣದ ಕೋನನ್ನೇ ನೋಡ್ತಾ ಕೂತೆ.

ಅದರ ಕತೆ ಆಮೇಲೆ ಓದಿದೆ. 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಕಾಲೇಜಿನ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ನೆಟ್‌ವರ್ಕ್ ಮೇಲೆ ವಿಡಿಯೊ ಹರಿಸೋಕೆ ವಿಡಿಯೊಲ್ಯಾನ್ ಎಂಬ ಯೋಜನೆ ಶುರುಮಾಡಿದರು. ಅದನ್ನು ನೋಡುವ ಕಡೆಯ ತಂತ್ರಾಂಶವೇ ವಿಡಿಯೊಲ್ಯಾನ್ ಕ್ಲೈಂಟ್, ಅಂದರೆ ವಿಎಲ್‌ಸಿ. ಅಲ್ಲಿನ ಹುಡುಗರು ರಸ್ತೆಯಿಂದ ಎತ್ತಿಕೊಂಡು ಬಂದು ಗುಡ್ಡೆ ಹಾಕಿದ್ದ ಟ್ರಾಫಿಕ್ ಕೋನುಗಳೇ ಅದರ ಗುರುತಾದವು. 2001ರ ಫೆಬ್ರವರಿಯಲ್ಲಿ ಕಾಲೇಜಿನ ಒಪ್ಪಿಗೆ ಪಡೆದು ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಡಿಕೋಡರುಗಳೆಲ್ಲ ಅದರೊಳಗೇ ಇದ್ದವು. ಹಾಗಾಗಿ ಹೊರಗಿನದಕ್ಕೆ ಕೈಚಾಚುವ ಪ್ರಮೇಯವೇ ಇಲ್ಲ.

ನಾವು ಹೊಸ ವಿಂಡೋಸ್ ಅಂದ್ರೆ ಮುಂದಕ್ಕೆ ಹೋದ ಹಾಗೆ ಅಂದ್ಕೊಳ್ತೀವಿ. 2012ರ ವಿಂಡೋಸ್ 8ರಿಂದ ಡಿವಿಡಿ ನೋಡುವ ಅನುಕೂಲವನ್ನೇ ತೆಗೆದುಹಾಕಿದರು. ಎಂಪೆಗ್-2 ಪೇಟೆಂಟುಗಳು ಅಮೆರಿಕದಲ್ಲಿ ಮುಗಿದದ್ದು 2018ರಲ್ಲಿ.

2022ರಲ್ಲಿ ಅಮ್ಮನಿಗೆ ಹೊಸ ಲ್ಯಾಪ್‌ಟಾಪ್ ಕೊಂಡೆ. ವಿಎಲ್‌ಸಿ ಇಳಿಸಿಕೊಳ್ಳೋಣ ಅಂತ ನೋಡಿದರೆ ವಿಡಿಯೊಲ್ಯಾನ್ ತಾಣವೇ ತೆರೆಯಲಿಲ್ಲ. ಭಾರತದಲ್ಲಿ ಅದಕ್ಕೆ ತಡೆ ಬಿದ್ದಿತ್ತು. ವಿಡಿಯೊಲ್ಯಾನಿಗೆ ಮುಂಚಿತವಾಗಿ ನೋಟಿಸೂ ಇರಲಿಲ್ಲ. ಇಂಟರ್‌ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಅವರು ಸರ್ಕಾರಕ್ಕೆ ಲೀಗಲ್ ನೋಟಿಸ್ ಕೊಟ್ಟರು. ನವೆಂಬರಿನಲ್ಲಿ ತಡೆ ತೆರವಾಯಿತು. ನಮ್ಮ ಕೆಲಸ ಅಷ್ಟು ದಿನ ಕಾಯಲಿಲ್ಲ. ಹಳೇ ಪೆನ್‌ಡ್ರೈವಿನಲ್ಲಿ ನಾನೇ ಎತ್ತಿಟ್ಟಿದ್ದ ಸೆಟಪ್ ಫೈಲ್ ಸಿಕ್ತು.

ನಾವೆಲ್ಲ ಫೋಟೊ, ವಿಡಿಯೊ ಬ್ಯಾಕಪ್ ಮಾಡ್ತೀವಿ, ಅವನ್ನು ತೆರೆಯುವ ತಂತ್ರಾಂಶವನ್ನು ಎತ್ತಿಡೋದೇ ಇಲ್ಲ. ಪುಷ್ಕರಣಿ ಕಟ್ಟಿಸಿದ ಪಾಳೇಗಾರರಿಗೆ ಈ ಚಿಂತೆ ಇರಲಿಲ್ಲ. ಕಲ್ಲಿನ ಮೆಟ್ಟಿಲು ನೋಡೋಕೆ ಕಣ್ಣಿದ್ದರೆ ಸಾಕು. ಅಜ್ಜನ ಎರಡು ನಿಮಿಷ ಈಗ ಮೂರು ಕಡೆ ಇದೆ. ಮೂರರ ಪಕ್ಕದಲ್ಲೂ ವಿಎಲ್‌ಸಿ ಸೆಟಪ್ ಫೈಲ್ ಹಾಕಿಟ್ಟಿದ್ದೇನೆ.