ನಾಣ್ಯಕ್ಕೆ ಹತ್ತಿದ ಮೊಲ, ಸ್ಮಶಾನದಲ್ಲೇ ಉಳಿದ ಗೂಬೆ

ನಮ್ಮ ಮನೆಯಲ್ಲಿ ಏನಾದರೂ ಒಡೆದರೆ ತಮ್ಮ ನನ್ನ ಮೇಲೆ ಗೂಬೆ ಕೂರಿಸುತ್ತಾನೆ. ನಾನು ವಾದ ಬಿಡದಿದ್ದರೆ, "ನೀನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಅಮ್ಮ ಬೈಯುತ್ತಾರೆ. ನಿಮ್ಮ ಮನೆಯಲ್ಲೂ ಹೀಗೇ ಇರಬೇಕು! ಈ ಎರಡೂ ಪ್ರಾಣಿಗಳಿಗೆ ನಾವಿರುವ ಐರ್ಲೆಂಡಿನಲ್ಲಿ ಒಂದು ಇತಿಹಾಸವಿದೆ. ಅದನ್ನೇ ಹೇಳುತ್ತೇನೆ.

ಮೊದಲು ಮೊಲ. ಕನ್ನಡದಲ್ಲಿ ಎಲ್ಲವನ್ನೂ ಮೊಲ ಎನ್ನುತ್ತೇವೆ. ಆದರೆ ಐರಿಶ್ ಕಾಡುಮೊಲ ಬೇರೆ, ರ‍್ಯಾಬಿಟ್ ಬೇರೆ. ರ‍್ಯಾಬಿಟ್ಟನ್ನು 12ನೇ ಶತಮಾನದಲ್ಲಿ ನಾರ್ಮನ್ನರು ತಂದರು. ಕಾಡುಮೊಲ ಸಾವಿರಾರು ವರ್ಷಗಳಿಂದ ಇಲ್ಲಿಯದೇ. ಐರಿಶ್ ಭಾಷೆಯಲ್ಲಿ ಇದರ ಹೆಸರಿಗೆ 'ಗಿಡ್ಡ ಜಿಂಕೆ' ಎಂಬ ಮೂಲಾರ್ಥವಿದೆ.

ಇನ್ನು ಕಣಜಗೂಬೆ. ಬಿಳಿ ಮುಖ, ಸದ್ದಿಲ್ಲದ ರೆಕ್ಕೆ, ರಾತ್ರಿ ಕರ್ಕಶ ಕೂಗು. ಐರಿಶ್‌ನಲ್ಲಿ ಇದಕ್ಕೆ 'ಸ್ಮಶಾನದಲ್ಲಿ ಕಿರುಚುವುದು' ಎಂಬ ಹೆಸರೇ ಇದೆ.

ಹಿಂದಿನವರು ಎರಡಕ್ಕೂ ಹೆದರುತ್ತಿದ್ದರು. ಮಾಟಗಾತಿಯರು ಮೊಲದ ರೂಪದಲ್ಲಿ ಬಂದು ಹಸುವಿನ ಹಾಲು ಕದಿಯುತ್ತಾರೆ ಎಂದು ನಂಬಿದ್ದರು. ಗೂಬೆಯ ಕೂಗು ಕೇಳಿದರೆ, ಸಾವಿನ ಸುದ್ದಿ ತರುವ ಬ್ಯಾನ್‌ಶೀ ಬಂದಳು ಎನ್ನುತ್ತಿದ್ದರು. ನಮ್ಮ ಅಜ್ಜಿಯರೂ ಗೂಬೆ ಕೂಗಿದರೆ ಅಪಶಕುನ ಎನ್ನುತ್ತಾರಲ್ಲವೇ?

ಆಮೇಲೆ ಇಬ್ಬರ ದಾರಿ ಬೇರೆಯಾಯಿತು. 1928ರಲ್ಲಿ ಹೊಸ ಐರಿಶ್ ಸರ್ಕಾರ ತನ್ನದೇ ನಾಣ್ಯಗಳನ್ನು ತಂದಿತು. ಆಯ್ಕೆ ಸಮಿತಿಗೆ ಕವಿ ಯೇಟ್ಸ್ ಅಧ್ಯಕ್ಷರು, ಚಿತ್ರ ರಚಿಸಿದವರು ಪರ್ಸಿ ಮೆಟ್ಕಾಫ್. ಕುದುರೆ, ಸಾಲ್ಮನ್ ಮೀನು, ಹೋರಿ, ಕೋಳಿ, ಹಂದಿಗಳ ಜೊತೆ ಮೊಲಕ್ಕೂ ಜಾಗ ಸಿಕ್ಕಿತು, ಮೂರು ಪೆನ್ಸಿನ ನಾಣ್ಯದ ಮೇಲೆ. 1930ರಲ್ಲಿ ಬೇಟೆ ಪ್ರಾಣಿಗಳ ಕಾನೂನು ಮೊಲಕ್ಕೆ ರಕ್ಷಣೆಯನ್ನೂ ಕೊಟ್ಟಿತು. ಗೂಬೆಗೆ ನಾಣ್ಯದಲ್ಲಿ ಜಾಗವಿರಲಿಲ್ಲ.

ಆದರೆ ರೈತರ ಇಲಿ ಹಿಡಿದುಕೊಟ್ಟದ್ದು ಯಾರು? ಗೂಬೆಯೇ. ಅದು ವಿಜ್ಞಾನಿಗಳಿಗೂ ನೆರವಾಗಿದೆ. ಗೂಬೆ ಜೀರ್ಣವಾಗದ ಮೂಳೆ, ಕೂದಲನ್ನು ಉಂಡೆಯಾಗಿ ಉಗುಳುತ್ತದೆ. ಟಿಪ್ಪರರಿ, ಲಿಮರಿಕ್ ಕಡೆ ಸಿಕ್ಕ ಇಂಥ ಉಂಡೆಗಳಿಂದಲೇ ಐರ್ಲೆಂಡಿಗೆ ಹೊಸ ಜಾತಿಯ ಸುಂಡಿಲಿ ಬಂದಿರುವುದು 2008ರಲ್ಲಿ ಲೋಕಕ್ಕೆ ತಿಳಿಯಿತು.

ಇಂದು ಐರ್ಲೆಂಡಿನ ಅಪಾಯದಲ್ಲಿರುವ ಪಕ್ಷಿಗಳ ಕೆಂಪು ಪಟ್ಟಿಯಲ್ಲಿ ಕಣಜಗೂಬೆಯೂ ಇದೆ. ಹಳೆಯ ಕಟ್ಟಡಗಳು ಹೋದಂತೆ ಗೂಡಿಗೆ ಜಾಗವಿಲ್ಲ. ವಿಷ ತಿಂದ ಇಲಿಯನ್ನು ತಿಂದರೆ ಆ ವಿಷ ಗೂಬೆಯ ಮೈಗೂ ಸೇರುತ್ತದೆ. ರಾತ್ರಿ ರಸ್ತೆಗಳಲ್ಲಿ ವಾಹನಕ್ಕೆ ಸಿಕ್ಕಿಯೂ ಸಾಯುತ್ತವೆ.

ವಿಷ ಇಡುವವರು ನಾವು, ಕೇಡು ತರುವುದು ಗೂಬೆ ಎನ್ನುವವರೂ ನಾವೇ. ಹಾಗಾದರೆ ಯಾರ ಮೇಲೆ ಯಾರು ಗೂಬೆ ಕೂರಿಸಿದ್ದು? ನೀವೇ ಹೇಳಿ.