ಕೂಡಲಿನ ತಲೆಗಿಂಬು

ಕಪಿಲೆ ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರದಲ್ಲಿ 1959ರಿಂದ ಕೆಲವು ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಉತ್ಖನನ ನಡೆಸಿದರು. ವರದಿ 1971ರಲ್ಲಿ ಪುಸ್ತಕವಾಗಿ ಹೊರಬಂತು. ನವಶಿಲಾಯುಗದ ಪದರಗಳಲ್ಲಿ ಸಿಕ್ಕಿದ್ದರಲ್ಲಿ ಹೆಚ್ಚಿನವು ದಕ್ಷಿಣದ ಬೇರೆ ನೆಲೆಗಳಲ್ಲೂ ಸಿಗುವಂಥವೇ: ಉಜ್ಜಿ ನಯ ಮಾಡಿದ ಕಲ್ಲಿನ ಕೊಡಲಿ, ಚಕ್ರವಿಲ್ಲದೆ ಕೈಯಲ್ಲೇ ತಟ್ಟಿ ಮಾಡಿದ ಬೂದು ಬಣ್ಣದ ಮಡಕೆ. ಇವುಗಳ ನಡುವೆ ವಿದ್ವಾಂಸರ ಹುಬ್ಬೇರಿಸಿದ ವಸ್ತು ಒಂದಿತ್ತು. ಅದು ಸುಟ್ಟ ಮಣ್ಣಿನ ತಲೆಗಿಂಬು.

ತಲೆಗಿಂಬು ಹಳೆಯ ಮಾತು. ಇಂಬು ಅಂದರೆ ಎಡೆ, ಜಾಗ, ಆಸರೆ. ತಲೆಗೊಂದು ಇಂಬು. ದಿಂಬು ಅಂದಕೂಡಲೇ ನಮಗೆ ಬೂರುಗದ ಹತ್ತಿಯೋ ಸ್ಪಂಜೋ ನೆನಪಾಗುತ್ತದೆ; ತಲೆಗಿಂಬಿನಲ್ಲಿ ಮೆತ್ತಗಿರಬೇಕೆಂಬ ಕರಾರಿಲ್ಲ. ಊಟದ ಮಣೆಯನ್ನೇ ತಲೆಯಡಿ ಇಟ್ಟುಕೊಂಡು ಮಧ್ಯಾಹ್ನ ಅಡ್ಡಾಗುವ ಹಿರಿಯರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಮನೆಗಳ ಜಗಲಿಯ ತುದಿಯಲ್ಲಿ ತಲೆಗೆಂದೇ ಇಳಿಜಾರಾಗಿ ಕಟ್ಟಿದ ಗಾರೆಯ ಉಬ್ಬೂ ತಲೆಗಿಂಬೇ.

ಕೂಡಲಿನ ಈ ವಸ್ತುವನ್ನು ನೋಡಿದ ವಿದ್ವಾಂಸರಿಗೆ ಮೊದಲು ನೆನಪಾದದ್ದು ಈಜಿಪ್ಟ್. ಅದು ಸಹಜವೂ ಹೌದು. ಅಲ್ಲಿನ ಗೋರಿಗಳಲ್ಲಿ ಇಂಥವು ಬೇಕಾದಷ್ಟು ಸಿಕ್ಕಿವೆ. 1922ರಲ್ಲಿ ತೆರೆದ ತುತಾಂಖಾಮನ್ ಗೋರಿಯಲ್ಲಿ ದಂತದ್ದೊಂದು, ನೀಲಿ ಗಾಜಿನದ್ದೊಂದು ಇದ್ದವು. ಸತ್ತವನ ತಲೆ ಮುಂಡದಿಂದ ಬೇರೆಯಾಗದಿರಲಿ ಎಂದು ತಲೆಗಿಂಬಿಗಾಗಿಯೇ ಒಂದು ಮಂತ್ರವನ್ನೂ ಅವರು ಬರೆದಿಟ್ಟಿದ್ದರು. ಇಲ್ಲಿಂದ ಪ್ರಶ್ನೆಯ ದಿಕ್ಕು ಬದಲಾಯಿತು. ಇದರ ಮೇಲೆ ಮಲಗಿದವರು ಯಾರು ಎಂಬುದು ಹಿಂದಾಗಿ, ಇದು ಎಲ್ಲಿಂದ ಬಂತು ಎಂಬುದೇ ಮುಂದಾಯಿತು.

ನನಗೆ ಆ ಪ್ರಶ್ನೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಮನುಷ್ಯನ ಕತ್ತು ಎಲ್ಲ ಕಡೆ ಒಂದೇ ರೀತಿ ಬಾಗಿದೆ. ಚೀನಾದಲ್ಲಿ ತಾಂಗ್, ಸೊಂಗ್ ಅರಸರ ಕಾಲದಲ್ಲಿ ಪಿಂಗಾಣಿ ದಿಂಬುಗಳಿದ್ದವು. ಜಪಾನಿನ ಹೆಂಗಸರು ಕಟ್ಟಿದ ಮುಡಿ ಕೆಡದಿರಲೆಂದು ಎತ್ತರದ ಮರದ ದಿಂಬಿಗೆ ಕತ್ತು ಕೊಟ್ಟು ಮಲಗುತ್ತಿದ್ದರು. ಕೀನ್ಯಾದ ತುರ್ಕಾನಾ ದನಗಾಹಿಗಳ ಮರದ ತಲೆಗಿಂಬು ಹಗಲು ಕೂರುವ ಮಣೆಯಾಗುತ್ತದೆ. ಇವರೆಲ್ಲ ಒಬ್ಬರಿಂದೊಬ್ಬರು ಕಲಿತರೆಂದು ಹೇಳಬೇಕಾಗಿಲ್ಲ. ಇನ್ನೊಂದು ಮಾತೂ ಇದೆ. ಈಜಿಪ್ಟಿನ ಒಣ ಮರಳು ಮರವನ್ನು ಸಾವಿರಾರು ವರ್ಷ ಕಾಪಾಡಿತು. ನಮ್ಮ ಹೊಳೆದಂಡೆಯ ಒದ್ದೆ ಮಣ್ಣು ಮರವನ್ನು ಅಷ್ಟು ದಿನ ಉಳಿಸುವುದಿಲ್ಲ. ಕೂಡಲಿನಲ್ಲಿ ಮರದ ತಲೆಗಿಂಬುಗಳು ಮನೆಮನೆಯಲ್ಲಿ ಇದ್ದಿದ್ದರೂ ಅವು ಗೆದ್ದಲಿನ ಪಾಲಾಗಿರುತ್ತವೆ, ಮಣ್ಣಿನದ್ದು ಮಾತ್ರ ಉಳಿದಿರುತ್ತದೆ. ಅಲ್ಲಿ ಹೆಚ್ಚು ಸಿಕ್ಕಿದೆ, ಇಲ್ಲಿ ಕಡಿಮೆ ಸಿಕ್ಕಿದೆ ಎಂಬ ಮಾತ್ರಕ್ಕೆ ಅಲ್ಲಿಯವರನ್ನು ಗುರುಗಳನ್ನಾಗಿಯೂ ನಮ್ಮವರನ್ನು ಶಿಷ್ಯರನ್ನಾಗಿಯೂ ಮಾಡುವುದು ಅವಸರದ ಲೆಕ್ಕ.

ಮಣ್ಣಿನದ್ದು ಎಂಬುದರಲ್ಲೇ ಒಂದು ಸುಳಿವಿದೆ. ದನದ ಹಿಂದೆ ಅಲೆಯುವವನು ಮಣ್ಣಿನ ತಲೆಗಿಂಬನ್ನು ಹೆಗಲಿಗೆ ಹಾಕಿಕೊಂಡು ಹೋಗಲಾರ, ಎರಡನೇ ದಿನಕ್ಕೇ ಒಡೆದೀತು. ಅದು ಮನೆಯಲ್ಲಿರುವ ವಸ್ತು. ದಿನವೂ ಅದೇ ಮೂಲೆಗೆ ಬಂದು ಮಲಗುವ ಒಬ್ಬರು ಇದ್ದರೆ ಮಾತ್ರ ಅದಕ್ಕೆ ಕೆಲಸ. ಇಂಗಾಲ ಪರೀಕ್ಷೆ ಇಲ್ಲಿನ ವಾಸವನ್ನು ಕ್ರಿ.ಪೂ. 1800ರ ಆಸುಪಾಸಿಗೆ ಒಯ್ಯುತ್ತದೆ. ದಕ್ಷಿಣದಲ್ಲಿ ಜನ ದನ ಸಾಕಿಕೊಂಡು ಹುರುಳಿ, ಹೆಸರು, ಕೊರಲೆ ಬೆಳೆಯುತ್ತಿದ್ದ ಕಾಲ ಅದು. ಎರಡು ಹೊಳೆಗಳ ನಡುವೆ ಯಾರೋ ಒಂದು ಕಡೆ ನೆಲೆ ನಿಂತು, ನಾಳೆಯೂ ಇಲ್ಲೇ ಮಲಗುತ್ತೇನೆ ಎಂಬ ನಂಬಿಕೆಯಿಂದ ಹಸಿ ಮಣ್ಣು ಕಲಸಿದ್ದಾರೆ.

ಅದರ ಮೇಲೆ ಮಲಗುವುದು ಹೇಗೆ? ಇಂಥ ಆಸರೆಯನ್ನು ಇಡುವುದು ತಲೆಯಡಿಯಲ್ಲಲ್ಲ, ಕತ್ತಿನಡಿಯಲ್ಲಿ, ಕಿವಿಯ ಕೆಳಗೆ. ತಲೆ ನೆಲ ಮುಟ್ಟುವುದಿಲ್ಲ. ಕತ್ತಿನ ಸುತ್ತ ಗಾಳಿಯಾಡುತ್ತದೆ, ಬೇಸಿಗೆಗೆ ಹಿತ. ಇರುವೆ ಹುಳು ಹುಪ್ಪಟೆ ಕಿವಿಗೆ ಬರುವುದು ತುಸು ಕಷ್ಟ. ಆದರೆ ಹೊರಳಾಡುವ ಹಾಗಿಲ್ಲ. ನಿದ್ದೆಯಲ್ಲೂ ಮೈಮೇಲೆ ಒಂದಿಷ್ಟು ಎಚ್ಚರ ಇರಬೇಕು. ನಿದ್ದೆ ಬಂದವನಿಗೆ ಹಾಸಿಗೆ ಬೇಡ ಅನ್ನುತ್ತೇವೆ. ಇವರಿಗೆ ಅಷ್ಟು ಸಾಲದಾಗಿತ್ತು. ಕಷ್ಟವಾದರೂ ಸರಿ, ಹೀಗೇ ಮಲಗಬೇಕು ಎಂದು ಯಾರೋ ಹಟ ಹಿಡಿದಿದ್ದಾರೆ. ಆ ಹಟಕ್ಕೆ ಕಾರಣ ಕೂದಲು ಇರಬೇಕೆಂದು ನನ್ನ ಊಹೆ. ಲೋಕದ ಎಷ್ಟೋ ಕಡೆ ಗಟ್ಟಿ ತಲೆಗಿಂಬು ಉಳಿದು ಬಂದದ್ದು ಹೆಣೆದ ಜಡೆಯನ್ನು, ಕಟ್ಟಿದ ತುರುಬನ್ನು ಬೆಳಗಿನವರೆಗೆ ಕಾಯುವುದಕ್ಕೆ. ಗಂಟೆಗಟ್ಟಲೆ ಕೂತು ಇನ್ನೊಬ್ಬರ ಕೈಯಲ್ಲಿ ಹೆಣೆಸಿಕೊಂಡದ್ದನ್ನು ಒಂದೇ ರಾತ್ರಿಯಲ್ಲಿ ಕೆಡಿಸಿಕೊಳ್ಳಲು ಯಾರಿಗೆ ಮನಸ್ಸು ಬಂದೀತು? (ಇದೇ ತಾಲ್ಲೂಕಿನ ಸೋಮನಾಥಪುರದ ಹದಿಮೂರನೇ ಶತಮಾನದ ಶಿಲ್ಪಗಳಲ್ಲಿ ತುರುಬಿನ ವೈಭವ ನೋಡಿದಾಗಲೆಲ್ಲ, ಆ ತಲೆಗಳು ರಾತ್ರಿ ಎಲ್ಲಿ ಒರಗುತ್ತಿದ್ದವು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.)

ಕೂಡಲಿನ ಆ ವಸ್ತುವಿಗೆ ಒಂದು ಒಳಮನಸ್ಸು ಇದ್ದಿದ್ದರೆ? ಮಡಕೆಗೆ ಮನೆಯ ಹಸಿವು ಗೊತ್ತು, ಕೊಡಲಿಗೆ ಕಾಡು ಗೊತ್ತು. ಎಲ್ಲರೂ ಕೆಲಸ ನಿಲ್ಲಿಸಿದ ಮೇಲೆ ಕೆಲಸ ಶುರುಮಾಡುವ ತಲೆಗಿಂಬಿಗೆ ರಾತ್ರಿ ಮಾತ್ರ ಗೊತ್ತು. ಹಗಲೆಲ್ಲ ಮೂಲೆಯಲ್ಲಿ ಕೂತು, ಓಡಾಡುವ ಕಾಲುಗಳನ್ನು ನೋಡುತ್ತ, ಎಡವೀತೆಂದು ಹೆದರುತ್ತ ಕಾಯುವುದು. ಕತ್ತಲಾದ ಮೇಲೆ ಒಂದು ಕತ್ತಿನ ಭಾರ. ಜ್ವರ ಬಂದ ದಿನ ಅದು ಮನೆಯವರಿಗಿಂತ ಮೊದಲೇ ಅದಕ್ಕೆ ತಿಳಿಯುತ್ತದೆ. ಹೊಳೆ ಉಕ್ಕುವ ಸದ್ದು ಕೇಳಿ ಮಲಗಿದವಳು ಉಸಿರು ಬಿಗಿಹಿಡಿದದ್ದು, ಪಕ್ಕದವನಿಗೂ ಕೇಳದ ಹಾಗೆ ಅತ್ತದ್ದು ಅದಕ್ಕೆ ತಿಳಿಯುತ್ತದೆ. ಕನಸು ಮಾತ್ರ ತಿಳಿಯದು. ಕನಸಿಗೆ ಎರಡು ಬೆರಳು ದೂರದಲ್ಲಿ ಇದ್ದೂ ಹೊರಗೇ ಉಳಿಯಬೇಕು. ಆ ವಿಷಯದಲ್ಲಿ ಅದೂ ನಮ್ಮ ಹಾಗೇ, ಇತಿಹಾಸ ಬರೆಯುವವರ ಹಾಗೇ.

ಕಪಿಲೆಯ ದಂಡೆಯಲ್ಲೇ ಮೇಲಕ್ಕೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಹೋದರೆ ನಂಜನಗೂಡು. ಅಲ್ಲಿ ಹರಕೆ ಹೊತ್ತವರು ಸ್ನಾನಘಟ್ಟದ ಬಳಿ ಮುಡಿ ಕೊಡುತ್ತಾರೆ. ಮೊದಲ ಕೂದಲಿನ ಕೂಸುಗಳು, ಮದುವೆಯಾದ ಗಂಡಸರು, ಕಾಯಿಲೆಯಿಂದ ಎದ್ದ ಹೆಂಗಸರು ಸಾಲಾಗಿ ಕೂತು ತಲೆ ಬಗ್ಗಿಸುತ್ತಾರೆ. ನೀರಲ್ಲಿ ಮುಳುಗಿ ಎದ್ದು, ಬೋಳು ತಲೆ ಸವರಿಕೊಳ್ಳುತ್ತ ನಂಜುಂಡೇಶ್ವರನ ದರ್ಶನಕ್ಕೆ ಹೋಗುತ್ತಾರೆ. ಕೂದಲು ಬರೀ ಕೂದಲಾಗಿದ್ದರೆ ಅದು ಹರಕೆಯಾಗುತ್ತಿರಲಿಲ್ಲ. ಪ್ರೀತಿಯದ್ದು, ಕಾಪಾಡಿಕೊಂಡದ್ದು ಆದ್ದರಿಂದಲೇ ಕೊಡುವುದಕ್ಕೆ ಬೆಲೆ. ಕೂಡಲಿನ ತಲೆಗಿಂಬಿನವಳಿಗೂ ಇವರಿಗೂ ಮಧ್ಯೆ ಮೂರು ಸಾವಿರದ ಎಂಟುನೂರು ವರ್ಷವಿದೆ. ಅವಳ ಆಚಾರವೇ ಇವರದ್ದಾಗಿ ಬೆಳೆಯಿತೆಂದು ನಾನು ಹೇಳುತ್ತಿಲ್ಲ. ತಲೆಯ ಮೇಲಿನದ್ದನ್ನು ಅವಳು ರಾತ್ರಿಯಿಡೀ ಕಾದದ್ದೇಕೆ ಎಂಬುದು ಈ ಸಾಲಿನಲ್ಲಿ ಕೂತವರಿಗೆ ಅರ್ಥವಾಗುತ್ತದೆ ಎಂದಷ್ಟೇ ನನ್ನ ಮಾತು.

ಕೂಡಲಿನಲ್ಲಿ 1989ರಿಂದ ಕುಂಭಮೇಳ ನಡೆಯುತ್ತಿದೆ. ಮೇಳದ ರಾತ್ರಿ ದೂರದಿಂದ ಬಂದವರು ಸಿಕ್ಕ ಜಾಗದಲ್ಲಿ ಟವೆಲು ಹಾಸಿ ಒರಗುತ್ತಾರೆ. ಬಟ್ಟೆಯ ಗಂಟು, ಚೀಲ, ಮಡಿಸಿದ ಮೊಣಕೈ, ಏನೂ ಇಲ್ಲದಿದ್ದರೆ ಗುಡ್ಡೆ ಮಾಡಿದ ಮರಳು, ಹೀಗೆ ಪ್ರತಿ ತಲೆಗೂ ಒಂದು ಇಂಬು. ಬೆಳಿಗ್ಗೆ ಅವರು ಎದ್ದು ಹೋದ ಮೇಲೆ ಮರಳಿನಲ್ಲಿ ಸ್ವಲ್ಪ ಹೊತ್ತು ತಲೆಯ ಗುಳಿಗಳು ಕಾಣುತ್ತವೆ.