ನರತಂತುಗಳ ನಡುವಣ ತೆರಪು

ಬರಿಗಾಲಿನಲ್ಲಿ ನಡೆಯುವವನು ಮುಳ್ಳು ತುಳಿದರೆ, ನೋವೆಂಬ ಅರಿವು ಮನಸ್ಸಿನಲ್ಲಿ ಮೂಡುವ ಮೊದಲೇ ಕಾಲು ಮೇಲಕ್ಕೆದ್ದಿರುತ್ತದೆ. ಅಂಗಾಲಿನಲ್ಲಿ ಹುಟ್ಟಿದ ಸುದ್ದಿ ನರತಂತುವಿನ ಮೂಲಕ ಬೆನ್ನುಹುರಿಯನ್ನು ಸೇರುತ್ತದೆ. ಅಲ್ಲಿ ಇನ್ನೊಂದು ತಂತುವಿಗೆ, ಅದರಿಂದ ಮತ್ತೊಂದಕ್ಕೆ ದಾಟುತ್ತದೆ. ಕಡೆಗೆ ಕಾಲಿನ ಸ್ನಾಯುಗಳಿಗೆ ಆಜ್ಞೆಯಾಗಿ ಮರಳುತ್ತದೆ. ಮಿದುಳಿಗೆ ವರದಿ ತಲಪುವುದು ತುಸು ತಡವಾಗಿ. ಈ ಹಾದಿಯ ಚಿತ್ರ ಇಂದು ಶಾಲಾಪುಸ್ತಕಗಳಲ್ಲಿಯೇ ಇದೆ. ಆದರೆ ಒಂದು ತಂತು ಮುಗಿದು ಇನ್ನೊಂದು ಮೊದಲಾಗುವೆಡೆಯಲ್ಲಿ ಇರುವುದೇನು? ಅವೆರಡೂ ಬೆಸೆದುಕೊಂಡಿವೆಯೆ, ಇಲ್ಲವೆ ನಡುವೆ ತೆರಪುಂಟೆ? ತೆರಪಿದ್ದರೆ ಸುದ್ದಿ ಅದನ್ನು ದಾಟುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ದೊರೆಯಲು ಸುಮಾರು ಎಂಬತ್ತು ವರ್ಷಗಳು ಹಿಡಿದವು. ಆ ಎಂಬತ್ತು ವರ್ಷಗಳ ಕಥೆ ನರಮಂಡಲದ ರಚನೆಯನ್ನು ತಿಳಿಸುತ್ತದೆ. ತಾನು ಕಟ್ಟಿದ ಸಿದ್ಧಾಂತ ಕುಸಿಯುವಾಗ ವಿದ್ವಾಂಸನಾದವನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನೂ ತಿಳಿಸುತ್ತದೆ.

ಪ್ರಾಣಿಗಳ ಶರೀರವೆಲ್ಲ ಜೀವಕೋಶಗಳೆಂಬ ಬಿಡಿ ಘಟಕಗಳಿಂದಾದುದೆಂದು ಜರ್ಮನಿಯ ಥಿಯೊಡೋರ್ ಶ್ವಾನ್ 1839ರಲ್ಲಿ ಸಾರಿದ. ಚರ್ಮ, ಸ್ನಾಯು, ಯಕೃತ್ತುಗಳು ಒಂದೊಂದಾಗಿ ಈ ತತ್ತ್ವಕ್ಕೆ ಒಳಪಟ್ಟವು. ನರಮಂಡಲ ಮಾತ್ರ ಹೊರಗುಳಿಯಿತು. ಹಸಿಯಾದ ಮಿದುಳು ಬೆಣ್ಣೆಯಂತೆ ಮೃದು. ಅದನ್ನು ಹದಮಾಡಿ ಗಟ್ಟಿಗೊಳಿಸಿ ತೆಳುವಾಗಿ ಕೊಯ್ದರೂ ಸೂಕ್ಷ್ಮದರ್ಶಕದ ಅಡಿಯಲ್ಲಿ ಬಣ್ಣವಿಲ್ಲದ ಮಸುಕು. ಬಣ್ಣವೇರಿಸಿದರೆ ಎಲ್ಲ ಕೋಶಗಳೂ ಎಲ್ಲ ತಂತುಗಳೂ ಒಟ್ಟಿಗೇ ಬಣ್ಣ ಹೀರುತ್ತಿದ್ದವು. ದಟ್ಟವಾದ ಬಿದಿರುಮೆಳೆಯ ಮುಂದೆ ನಿಂತವನಿಗೆ ಯಾವ ಕೊಂಬೆ ಯಾವ ಬುಡದ್ದೆಂದು ತಿಳಿಯದಲ್ಲವೆ? ಹಾಗೆಯೇ ಇತ್ತು ಅಂದಿನ ವೀಕ್ಷಕರ ಪಾಡು. ನರಮಂಡಲವು ಬಿಡಿ ಕೋಶಗಳ ಕೂಟವಲ್ಲ, ಎಲ್ಲೆಡೆಯೂ ಕೂಡಿಕೊಂಡ ಒಂದೇ ಅಖಂಡವಾದ ಬಲೆ ಎಂದು ಗೆರ್ಲಾಕ್ ಎಂಬ ಜರ್ಮನ್ ವಿದ್ವಾಂಸ 1870ರ ದಶಕದ ಆರಂಭದಲ್ಲಿ ವಾದಿಸಿದಾಗ, ಅದನ್ನು ಅಲ್ಲಗಳೆಯಲು ಯಾರ ಬಳಿಯೂ ಸಾಧನವಿರಲಿಲ್ಲ.

ಆ ಸಾಧನವನ್ನು ಒದಗಿಸಿದವನು ಇಟಲಿಯ ಕಮಿಲ್ಲೊ ಗಾಲ್ಜಿ. 1843ರಲ್ಲಿ ಹುಟ್ಟಿದ ಈತ ಪಾವಿಯಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯವನ್ನು ಕಲಿತು, 1872ರಲ್ಲಿ ಹೊಟ್ಟೆಪಾಡಿಗಾಗಿ ಅಬ್ಬಿಯಾತೆಗ್ರಾಸೊ ಎಂಬ ಸಣ್ಣ ಊರಿನ ಆಸ್ಪತ್ರೆಗೆ ಹೋದ. ಅದು ವಾಸಿಯಾಗದ ರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಸ್ಥಳ. ಸಂಶೋಧನಾಲಯದ ಮಾತೇ ಇರಲಿಲ್ಲ. ಗಾಲ್ಜಿ ಅಡುಗೆಯ ಕೋಣೆಯನ್ನೇ ಪ್ರಯೋಗಶಾಲೆಯಾಗಿಸಿಕೊಂಡ. ಮಿದುಳಿನ ತುಣುಕನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ನೆನೆಸಿ ಗಟ್ಟಿಮಾಡಿ, ಬಳಿಕ ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ಇಟ್ಟಾಗ ಅಚ್ಚರಿಯೊಂದು ಒದಗಿತು. ನೂರಾರು ಕೋಶಗಳ ನಡುವೆ ಕೆಲವೇ ಕೋಶಗಳು ಬೆಳ್ಳಿಯ ಲವಣವನ್ನು ಹೀರಿ ಕಪ್ಪಾದವು. ಉಳಿದವು ತಿಳಿಹಳದಿಯ ಹಿನ್ನೆಲೆಯಲ್ಲಿ ಮರೆಯಾದವು. ಕಪ್ಪಾದ ಕೋಶವಾದರೋ ತನ್ನ ಒಡಲು, ರೆಂಬೆ, ಎಳೆಗಳ ಸಮೇತ ಮಸಿಯಲ್ಲಿ ಬರೆದ ಚಿತ್ರದಂತೆ ಎದ್ದು ಕಾಣುತ್ತಿತ್ತು. ಕೆಲವೇ ಕೋಶಗಳು ಏಕೆ ಬಣ್ಣ ಹಿಡಿಯುತ್ತವೆ ಎಂಬುದು ಇಂದಿಗೂ ಪೂರ್ತಿಯಾಗಿ ಬಿಡಿಸಲಾರದ ಒಗಟು. ಆದರೆ ಈ ವಿಧಾನದ ಸತ್ತ್ವವೆಲ್ಲ ಅಡಗಿರುವುದು ಅದರಲ್ಲಿಯೇ. 1873ರಲ್ಲಿ ಗಾಲ್ಜಿ ಇದನ್ನು ಪ್ರಕಟಿಸಿದ.

ತನ್ನ ವಿಧಾನದಿಂದ ಗಾಲ್ಜಿ ಕಂಡದ್ದೇನು? ಕೋಶದ ಒಡಲಿನಿಂದ ಹೊರಡುವ ಗಿಡ್ಡ ರೆಂಬೆಗಳು ಸ್ವತಂತ್ರವಾಗಿ ಕೊನೆಗೊಳ್ಳುತ್ತವೆಂದು ಆತ ಸರಿಯಾಗಿಯೇ ಗುರುತಿಸಿದ. ಆದರೆ ಅವು ಪೋಷಣೆಗೆ ಮಾತ್ರ ಎಂದು ತಿಳಿದ. ಉದ್ದನೆಯ ಎಳೆಗಳ ಕವಲುಗಳಾದರೆ ಒಂದರೊಡನೊಂದು ಬೆಸೆದು ಬಲೆಯಾಗುತ್ತವೆ ಎಂದು ನಿರ್ಣಯಿಸಿದ. ಈ ನಿರ್ಣಯದ ಹಿಂದೆ ಆಳವಾದ ನಂಬಿಕೆಯೊಂದಿತ್ತು. ಮಿದುಳು ಒಂದಾಗಿ ಯೋಚಿಸುತ್ತದೆ, ಒಂದಾಗಿ ಅನುಭವಿಸುತ್ತದೆ. ಬಿಡಿಬಿಡಿಯಾದ ಕೋಟ್ಯಂತರ ಕಣಗಳಿಂದ ಇಂಥ ಏಕತೆ ಹುಟ್ಟುವುದೆಂತು? ಗಾಲ್ಜಿಯ ಈ ಪ್ರಶ್ನೆ ಹಗುರವಾದುದಲ್ಲ.

ಅದೇ ಕಾಲದಲ್ಲಿ ಸ್ಪೇನಿನ ಹಳ್ಳಿಗಾಡಿನಲ್ಲಿ ಸಾಂತಿಯಾಗೊ ರಾಮೋನ್ ಇ ಕಹಾಲ್ ಎಂಬ ಹಟಮಾರಿ ಹುಡುಗ ಬೆಳೆದಿದ್ದ. 1852ರಲ್ಲಿ ಹುಟ್ಟಿದ ಆತನಿಗೆ ಚಿತ್ರಕಾರನಾಗುವ ಹಂಬಲ; ಶಸ್ತ್ರವೈದ್ಯನಾದ ತಂದೆಗೆ ಮಗನನ್ನು ವೈದ್ಯನನ್ನಾಗಿಸುವ ಹಟ. ಓದಿಗೆ ಒಗ್ಗದ ಮಗನನ್ನು ತಂದೆ ಕ್ಷೌರಿಕನ ಬಳಿ, ಚಮ್ಮಾರನ ಬಳಿ ಕೆಲಸಕ್ಕೂ ಬಿಟ್ಟಿದ್ದುಂಟು. ಕಡೆಗೆ ಹಳೆಯ ಸ್ಮಶಾನದಿಂದ ಮೂಳೆಗಳನ್ನು ತಂದು, ಅವುಗಳನ್ನು ನೋಡಿ ಚಿತ್ರ ಬರೆಯುವಂತೆ ಮಾಡಿ, ಚಿತ್ರದ ದಾರಿಯಿಂದಲೇ ಮಗನನ್ನು ಶರೀರಶಾಸ್ತ್ರಕ್ಕೆ ಒಲಿಸಿದ. ಮುಂದೆ ಸೈನ್ಯದ ವೈದ್ಯನಾಗಿ ಕ್ಯೂಬಾಕ್ಕೆ ಹೋಗಿ ಮಲೇರಿಯಾದಿಂದ ಸೊರಗಿ ಮರಳಿದ ಕಹಾಲ್, ವೆಲೆನ್ಸಿಯಾದಲ್ಲಿ ಪ್ರಾಧ್ಯಾಪಕನಾದ. 1885ರ ಕಾಲರಾ ಪಿಡುಗಿನ ಕಾಲದಲ್ಲಿ ಆತ ಮಾಡಿದ ಕೆಲಸವನ್ನು ಮೆಚ್ಚಿ ಸಾರಗೋಸಾ ಪ್ರಾಂತದ ಆಡಳಿತವು ಒಳ್ಳೆಯ ಸೂಕ್ಷ್ಮದರ್ಶಕವೊಂದನ್ನು ಕೊಡುಗೆಯಾಗಿತ್ತಿತು.

1887ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಲೂಯಿಸ್ ಸಿಮಾರೊ ಎಂಬ ವೈದ್ಯ ಗಾಲ್ಜಿಯ ವಿಧಾನದ ಮಾದರಿಯನ್ನು ಕಹಾಲನಿಗೆ ತೋರಿಸಿದ. ಹದಿನಾಲ್ಕು ವರ್ಷಗಳಿಂದ ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿದಿದ್ದ ಈ ವಿಧಾನದ ಬೆಲೆ ಚಿತ್ರಕಾರನ ಕಣ್ಣಿಗೆ ಒಡನೆಯೇ ತಿಳಿಯಿತು. ಕಹಾಲ್ ಅದರಲ್ಲಿ ಎರಡು ಸುಧಾರಣೆಗಳನ್ನು ಮಾಡಿದ. ಮೊದಲನೆಯದು, ಬಣ್ಣವನ್ನು ಎರಡು ಬಾರಿ ಏರಿಸುವುದು. ಎರಡನೆಯದು ಇನ್ನೂ ಜಾಣತನದ್ದು: ಬಲಿತ ಪ್ರಾಣಿಯ ಮಿದುಳನ್ನು ಬಿಟ್ಟು ಭ್ರೂಣವನ್ನೂ ಮರಿಗಳನ್ನೂ ಆರಿಸಿಕೊಳ್ಳುವುದು. ಬೆಳೆದ ಕಾಡಿನಲ್ಲಿ ದಾರಿ ತಪ್ಪುವವನು ಸಸಿಮಡಿಯಲ್ಲಿ ತಪ್ಪಲಾರನಷ್ಟೆ? ಎಳೆಯ ತಂತುಗಳ ಮೇಲೆ ಕೊಬ್ಬಿನ ಹೊದಿಕೆ ಇನ್ನೂ ಮೂಡಿರುವುದಿಲ್ಲವಾದ್ದರಿಂದ ಅವು ಬಣ್ಣವನ್ನು ಸಲೀಸಾಗಿ ಹೀರುತ್ತವೆ. 1888ರಲ್ಲಿ ಬಾರ್ಸಿಲೋನಾದಲ್ಲಿ ಹಕ್ಕಿಗಳ ಕಿರುಮಿದುಳನ್ನು ಪರೀಕ್ಷಿಸಿದಾಗ, ತಂತುಗಳು ದೊಡ್ಡ ಕೋಶಗಳನ್ನು ಬುಟ್ಟಿಯಂತೆ ಸುತ್ತುವರಿದು, ಬಳ್ಳಿಯಂತೆ ತಬ್ಬಿ ಕೊನೆಗೊಳ್ಳುವುದನ್ನು ಕಂಡ. ಬಳ್ಳಿ ಮರವನ್ನು ಎಷ್ಟೇ ಬಿಗಿಯಾಗಿ ತಬ್ಬಿದರೂ ಬಳ್ಳಿಯೇ ಬೇರೆ, ಮರವೇ ಬೇರೆ. ಎಲ್ಲಿಯೂ ಬೆಸುಗೆ ಕಾಣಲಿಲ್ಲ. ತನ್ನ ಹಣದಿಂದಲೇ ನಡೆಸುತ್ತಿದ್ದ ಚಿಕ್ಕ ಪತ್ರಿಕೆಯಲ್ಲಿ ಕಹಾಲ್ ಇದನ್ನು ಅಚ್ಚುಹಾಕಿಸಿದ.

ಸ್ಪ್ಯಾನಿಷ್ ಭಾಷೆಯಲ್ಲಿ ಬರೆದುದನ್ನು ಯೂರೋಪಿನ ಪಂಡಿತರು ಓದಲಿಲ್ಲ. 1889ರ ಅಕ್ಟೋಬರಿನಲ್ಲಿ ಕಹಾಲ್ ತನ್ನ ಗಾಜಿನ ಪಟ್ಟಿಗಳನ್ನು ಕಟ್ಟಿಕೊಂಡು ಬರ್ಲಿನ್ ನಗರದ ಅಂಗರಚನಾಶಾಸ್ತ್ರಜ್ಞರ ಸಮ್ಮೇಳನಕ್ಕೆ ಹೋದ. ಅರೆಬರೆ ಫ್ರೆಂಚಿನಲ್ಲಿ ಮಾತನಾಡುತ್ತ ಒಬ್ಬೊಬ್ಬರನ್ನೇ ಕರೆದು ತೋರಿಸಿದ. ಅಂದು ಜರ್ಮನಿಯ ಹಿರಿಯ ಶರೀರಶಾಸ್ತ್ರಜ್ಞನಾಗಿದ್ದ ಕೊಲ್ಲಿಕರನಿಗೆ ಆಗ 72 ವರ್ಷ, ಬಲೆಯ ಪಕ್ಷದವನು. ಆತ ನೋಡಿದ, ಊರಿಗೆ ಮರಳಿ ತಾನೇ ಪ್ರಯೋಗಗಳನ್ನು ಮಾಡಿ ನೋಡಿದ, ತನ್ನ ಹಳೆಯ ಅಭಿಪ್ರಾಯವನ್ನು ಬಿಟ್ಟುಕೊಟ್ಟ. ಎರಡು ವರ್ಷಗಳಲ್ಲಿ, ಅಂದರೆ 1891ರಲ್ಲಿ, ವಾಲ್ಡೇಯರ್ ಈ ಸ್ವತಂತ್ರ ನರಕೋಶಕ್ಕೆ 'ನ್ಯೂರಾನ್' ಎಂಬ ಹೆಸರನ್ನಿತ್ತ. ಸುದ್ದಿ ರೆಂಬೆಗಳಾದ ಡೆಂಡ್ರೈಟುಗಳ ಮೂಲಕ ಕೋಶಕ್ಕೆ ಬರುತ್ತದೆ, ಆಕ್ಸಾನ್ ಎಂಬ ಉದ್ದನೆಯ ಎಳೆಯ ಮೂಲಕ ಹೊರಡುತ್ತದೆ ಎಂಬ ಏಕಮುಖ ಸಂಚಾರದ ನಿಯಮವನ್ನು ಕಹಾಲ್ ಮಂಡಿಸಿದ. ಪೋಷಣೆಗೆ ಮಾತ್ರವೆಂದು ಗಾಲ್ಜಿ ತಿಳಿದಿದ್ದ ರೆಂಬೆಗಳೇ ಸುದ್ದಿಯ ಹೆಬ್ಬಾಗಿಲಾದವು. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ಆಕ್ಸಾನ್ ಮನುಷ್ಯನಲ್ಲಿ ಒಂದು ಮೀಟರಿನಷ್ಟು ಉದ್ದವಿರಬಹುದು; ಅಷ್ಟುದ್ದದ ಎಳೆಯೂ ಒಂದೇ ಕೋಶದ ಭಾಗ.

ಇಂಗ್ಲೆಂಡಿನ ಷೆರಿಂಗ್ಟನ್ ಬೇರೊಂದು ದಾರಿಯಿಂದ ಇದೇ ಎಡೆಗೆ ಬಂದ. ನರದಲ್ಲಿ ಸುದ್ದಿ ಓಡುವ ವೇಗವನ್ನು ಹೆಲ್ಮ್‌ಹೋಲ್ಟ್ಸ್ ಎಂಬಾತ 1850ರಲ್ಲಿಯೇ ಕಪ್ಪೆಯ ನರದಲ್ಲಿ ಅಳೆದಿದ್ದ. ಆ ಲೆಕ್ಕದಂತೆ ನೋಡಿದರೆ, ಮುಳ್ಳು ತುಳಿದಾಗ ಕಾಲೆತ್ತುವಂಥ ಪ್ರತಿಕ್ರಿಯೆಗಳು ಬೇಗನೆ ಆಗಬೇಕು. ಆದರೆ ಬೆನ್ನುಹುರಿಯಲ್ಲಿ ಎಲ್ಲಿಯೋ ಅರೆಕ್ಷಣ ತಡೆಯಾಗುತ್ತಿತ್ತು. ಹಾದಿಯಲ್ಲಿ ದಾಟುಗಡವಿದ್ದರಲ್ಲದೆ ಈ ತಡೆ ಇರಲಾರದು. ಕೋಶ ಕೋಶಗಳು ಸಂಧಿಸುವ ಆ ಎಡೆಗೆ ಆತ 1897ರಲ್ಲಿ, ಕೂಡಿಹಿಡಿಯುವುದೆಂಬರ್ಥದ ಗ್ರೀಕ್ ಮೂಲದಿಂದ 'ಸಿನಾಪ್ಸ್' ಎಂದು ಹೆಸರಿಟ್ಟ. ಗಮನಿಸಬೇಕಾದ ಮಾತೆಂದರೆ, ಆ ತೆರಪನ್ನು ಕಣ್ಣಾರೆ ಕಂಡವರು ಆಗ ಯಾರೂ ಇರಲಿಲ್ಲ. ಅಂದಿನ ಯಾವ ಸೂಕ್ಷ್ಮದರ್ಶಕಕ್ಕೂ ಅದು ನಿಲುಕುವಂತಿರಲಿಲ್ಲ. ಕಹಾಲನದು ಊಹೆ, ಆದರೆ ಸಾಕ್ಷ್ಯದ ಬಲವುಳ್ಳ ಊಹೆ.

1906ರ ವೈದ್ಯಶಾಸ್ತ್ರದ ನೊಬೆಲ್ ಬಹುಮಾನವನ್ನು ಗಾಲ್ಜಿ ಮತ್ತು ಕಹಾಲ್ ಇಬ್ಬರಿಗೂ ಹಂಚಿದರು. ಡಿಸೆಂಬರ್ 11ರಂದು ಸ್ಟಾಕ್‌ಹೋಮಿನ ವೇದಿಕೆಯನ್ನೇರಿದ ಗಾಲ್ಜಿ ತನ್ನ ಭಾಷಣವನ್ನು ನ್ಯೂರಾನ್ ಸಿದ್ಧಾಂತದ ಖಂಡನೆಗೇ ಮೀಸಲಿಟ್ಟ. ಬಲೆಯ ವಾದವನ್ನು ಮೂವತ್ತಮೂರು ವರ್ಷಗಳ ಬಳಿಕವೂ ಎತ್ತಿಹಿಡಿದ. ಮರುದಿನ ಕಹಾಲ್ ಅದೇ ವೇದಿಕೆಯಿಂದ, ಗಾಲ್ಜಿಯ ವಿಧಾನದ ನೆರವಿನಿಂದಲೇ ಪಡೆದ ಫಲಗಳನ್ನು ಮುಂದಿಟ್ಟು ತನ್ನ ಮತವನ್ನು ಸಮರ್ಥಿಸಿದ. ದೀಪ ಹಚ್ಚಿದವನು ಒಬ್ಬ, ಅದರ ಬೆಳಕಿನಲ್ಲಿ ಕಂಡವನು ಇನ್ನೊಬ್ಬ. ಗಾಲ್ಜಿ 1926ರಲ್ಲಿ ತೀರಿಕೊಂಡ. ಕಡೆಯವರೆಗೂ ತನ್ನ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ತೆರಪಿದೆಯೆಂದು ಒಪ್ಪಿದ ಮೇಲೆ ಎರಡನೆಯ ವಿವಾದ ಮೊದಲಾಯಿತು. ಸುದ್ದಿ ಅದನ್ನು ದಾಟುವುದು ವಿದ್ಯುತ್ತಿನ ಕಿಡಿಯಾಗಿಯೋ, ರಾಸಾಯನಿಕ ರಸವಾಗಿಯೋ? ಆಸ್ಟ್ರಿಯಾದ ಗ್ರಾತ್ಸ್ ನಗರದಲ್ಲಿದ್ದ ಒಟ್ಟೊ ಲೋವಿಗೆ ಇದನ್ನು ಪರೀಕ್ಷಿಸುವ ಬಗೆ ಕನಸಿನಲ್ಲಿ ಹೊಳೆಯಿತಂತೆ. ಅರೆನಿದ್ದೆಯಲ್ಲಿ ಗೀಚಿಟ್ಟುದನ್ನು ಬೆಳಗಾದ ಮೇಲೆ ಓದಲಾಗಲಿಲ್ಲ. ಮರುರಾತ್ರಿ ಕನಸು ಮರುಕಳಿಸಿದಾಗ ನೇರವಾಗಿ ಪ್ರಯೋಗಶಾಲೆಗೇ ನಡೆದನೆಂದು ಆತನೇ ಹೇಳಿಕೊಂಡಿದ್ದಾನೆ. ಎರಡು ಕಪ್ಪೆಗಳ ಹೃದಯಗಳನ್ನು ತೆಗೆದು, ಒಂದರ ನರವನ್ನು ಉದ್ದೀಪಿಸಿ ಬಡಿತವನ್ನು ನಿಧಾನಗೊಳಿಸಿದ. ಅದರೊಳಗಿನ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದಾಗ, ನರವೇ ಇಲ್ಲದ ಅದೂ ನಿಧಾನವಾಯಿತು. ನರದ ತುದಿ ಯಾವುದೋ ರಸವನ್ನು ಸುರಿಸುತ್ತದೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? 1921ರಲ್ಲಿ ಪ್ರಕಟವಾದ ಈ ರಸ ಅಸಿಟೈಲ್‌ಕೋಲೀನ್ ಎಂದು ಮುಂದೆ ಸ್ಥಿರಪಟ್ಟಿತು. ಅದರ ಗುಣಗಳನ್ನು ಮೊದಲೇ ಅರಸಿದ್ದ ಇಂಗ್ಲೆಂಡಿನ ಹೆನ್ರಿ ಡೇಲ್‌ನೊಡನೆ ಲೋವಿ 1936ರ ನೊಬೆಲ್ ಬಹುಮಾನವನ್ನು ಪಡೆದ. ಎರಡೇ ವರ್ಷಗಳಲ್ಲಿ ಆಸ್ಟ್ರಿಯಾ ನಾತ್ಸಿಗಳ ವಶವಾದಾಗ, ಯೆಹೂದಿಯೆಂಬ ಕಾರಣಕ್ಕೆ ಸೆರೆಯಾದ ಲೋವಿ, ಬಿಡುಗಡೆಗಾಗಿ ಆ ಬಹುಮಾನದ ಹಣವನ್ನೇ ತೆತ್ತು ದೇಶಬಿಡಬೇಕಾಯಿತು.

ಹೃದಯದ ಮಾತು ಹಾಗಿರಲಿ, ಬೆನ್ನುಹುರಿ ಮತ್ತು ಮಿದುಳುಗಳಲ್ಲಿ ಸುದ್ದಿ ದಾಟುವ ಶೀಘ್ರತೆಗೆ ವಿದ್ಯುತ್ತೇ ಬೇಕೆಂದು ಷೆರಿಂಗ್ಟನ್ನನ ಶಿಷ್ಯನಾದ ಆಸ್ಟ್ರೇಲಿಯಾದ ಜಾನ್ ಎಕ್ಲ್ಸ್ ಪಟ್ಟುಹಿಡಿದಿದ್ದ. ನ್ಯೂಜಿಲೆಂಡಿನಲ್ಲಿದ್ದಾಗ ಆತನಿಗೆ ತತ್ತ್ವಶಾಸ್ತ್ರಜ್ಞ ಕಾರ್ಲ್ ಪಾಪರ್‌ನ ಪರಿಚಯವಾಯಿತು. ಊಹೆ ಸುಳ್ಳಾದರೆ ಅವಮಾನವಿಲ್ಲ. ಸುಳ್ಳೆಂದು ತೋರಿಸಲು ಬರುವಷ್ಟು ಖಚಿತವಾಗಿ ಅದನ್ನು ಮಂಡಿಸಿ, ನೀವೇ ಅದನ್ನು ಕೆಡವಲು ಯತ್ನಿಸಿ ಎಂಬುದು ಪಾಪರ್‌ನ ಬೋಧೆ. ಎಕ್ಲ್ಸ್ ಹಾಗೆಯೇ ಮಾಡಿದ. 1951ರಲ್ಲಿ ಅತಿ ಸಣ್ಣ ತುದಿಯ ಗಾಜಿನ ನಳಿಗೆಯನ್ನು ಬೆಕ್ಕಿನ ಬೆನ್ನುಹುರಿಯ ಒಂದೇ ನರಕೋಶದೊಳಗೆ ಚುಚ್ಚಿ, ಆ ಕೋಶವನ್ನು ತಡೆಹಿಡಿಯುವ ಸುದ್ದಿ ಬಂದಾಗ ಒಳಗಿನ ವಿದ್ಯುತ್ ಮಟ್ಟ ಹೇಗೆ ಬದಲಾಗುವುದೆಂದು ಅಳೆದ. ತನ್ನ ವಾದ ನಿಜವಾದರೆ ಅದು ಧನದತ್ತ ಸರಿಯಬೇಕಿತ್ತು, ಸರಿದದ್ದು ಋಣದತ್ತ. ತಮ್ಮ ಊಹೆ ಸುಳ್ಳಾಯಿತೆಂದು ಎಕ್ಲ್ಸ್ ಮತ್ತು ಆತನ ಸಂಗಡಿಗರು 1952ರ ತಮ್ಮ ಲೇಖನದಲ್ಲಿಯೇ ಘೋಷಿಸಿದರು. ರಸದ ಪಕ್ಷ ಗೆದ್ದಿತು. ಸೋತ ಎಕ್ಲ್ಸ್ ಅದೇ ದಾರಿಯಲ್ಲಿ ಮುಂದೆ ನಡೆದು 1963ರಲ್ಲಿ ನೊಬೆಲ್ ಬಹುಮಾನಕ್ಕೆ ಪಾತ್ರನಾದ.

ಕೆಲವೇ ವರ್ಷಗಳಲ್ಲಿ, 1950ರ ದಶಕದ ನಡುವಿನ ಹೊತ್ತಿಗೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಆ ತೆರಪನ್ನು ಕಣ್ಣಿಗೇ ತೋರಿಸಿತು. ಅದರ ಅಗಲ ಒಂದು ಮಿಲಿಮೀಟರಿನ ಸುಮಾರು ಐವತ್ತು ಸಾವಿರದಲ್ಲೊಂದು ಭಾಗ. ಆಚೆಯ ತುದಿಯಲ್ಲಿ ರಸವನ್ನು ತುಂಬಿಕೊಂಡ ಸಣ್ಣ ಚೀಲಗಳು. ಈಚೆಯ ತಡಿಯಲ್ಲಿ ಆ ರಸವನ್ನು ಬರಮಾಡಿಕೊಳ್ಳುವ ಗ್ರಾಹಕಗಳು. ಆದರೆ ಸೋತವರ ಮಾತು ಪೂರ್ತಿಯಾಗಿ ಮಣ್ಣುಗೂಡಲಿಲ್ಲ. 1959ರಲ್ಲಿ ಫರ್ಶ್‌ಪಾನ್ ಮತ್ತು ಪಾಟರ್ ಸಿಗಡಿಯ ಬಳಗದ ಸಿಹಿನೀರಿನ ಜೀವಿಯೊಂದರಲ್ಲಿ, ವಿದ್ಯುತ್ತು ಕೋಶದಿಂದ ಕೋಶಕ್ಕೆ ನೇರವಾಗಿ ಹರಿಯುವ ಸಂಧಿಗಳನ್ನು ಕಂಡರು. ಅಂಥವು ನಮ್ಮ ಮಿದುಳಿನಲ್ಲಿಯೂ ಕೆಲವು ಇವೆಯೆಂದು ಈಗ ತಿಳಿದಿದೆ. ಸತ್ಯವು ಗೆದ್ದವನ ಮನೆಗೆ ಪೂರ್ತಿಯಾಗಿ ಹೋಗುವುದು ಅಪರೂಪ.

ಇಷ್ಟು ಸಣ್ಣ ತೆರಪಿಗಾಗಿ ಇಷ್ಟು ದೊಡ್ಡ ಜಗಳವೇಕೆ ಎನಿಸಬಹುದು. ನಾಗರಹಾವಿನ ವಿಷ ಕೆಲಸ ಮಾಡುವುದು ಈ ತೆರಪಿನಲ್ಲಿಯೇ: ನರದಿಂದ ಸ್ನಾಯುವಿಗೆ ದಾಟುವ ರಸಕ್ಕೆ ಎಡೆಗೊಡದೆ ಗ್ರಾಹಕಗಳನ್ನು ಮುಚ್ಚಿಹಾಕುತ್ತದೆ, ರೆಪ್ಪೆಗಳು ಜೋಲುತ್ತವೆ, ಕಡೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಹೊಲಕ್ಕೆ ಸಿಂಪಡಿಸುವ ಕೆಲವು ಕೀಟನಾಶಕಗಳದು ಇದಕ್ಕೆ ವಿರುದ್ಧವಾದ ದಾರಿ. ಕೆಲಸ ಮುಗಿಸಿದ ರಸವನ್ನು ತೊಡೆದುಹಾಕಲು ಬಿಡದೆ ಕೊಲ್ಲುತ್ತವೆ. ಮನೋರೋಗಗಳಿಗೂ ನಡುಕದ ಬೇನೆಗೂ ಕೊಡುವ ಔಷಧಿಗಳಲ್ಲಿ ಬಹುಪಾಲು ದುಡಿಯುವುದೂ ಇಲ್ಲಿಯೇ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಈಗಿನ ಎಣಿಕೆ. ಅವು ಬಹುಮಟ್ಟಿಗೆ ಒಂದನ್ನೊಂದು ಬೆಸೆಯದೆಯೇ ಒಂದು ಮನಸ್ಸಾಗಿ ಬಾಳುತ್ತವೆ. ಇದು ಹೇಗೆ ಸಾಧ್ಯವೆಂಬ ಗಾಲ್ಜಿಯ ಪ್ರಶ್ನೆಗೆ ಆತನ ಉತ್ತರ ತಪ್ಪಿತು. ಪ್ರಶ್ನೆ ತಪ್ಪಲಿಲ್ಲ, ಇಂದಿಗೂ ಅದು ಬಿಡಿಸದೆ ಉಳಿದಿದೆ. ಅದನ್ನು ಬಿಡಿಸಹೊರಡುವವರಿಗೆ ಗಾಲ್ಜಿಯ ಕೈಚಳಕವೂ ಕಹಾಲನ ಕಣ್ಣೂ ಬೇಕು. ಅವೆರಡಕ್ಕಿಂತ ಹೆಚ್ಚಾಗಿ, 72ರ ವಯಸ್ಸಿನಲ್ಲಿ ಕೊಲ್ಲಿಕರನಿಗಿದ್ದ, 1951ರಲ್ಲಿ ಎಕ್ಲ್ಸ್‌ನಿಗಿದ್ದ ಆ ಮನಸ್ಸು ಬೇಕು.